ರೊಟ್ಟಿಯ ಪಕ್ಷ, ಅನ್ನದ ಪಕ್ಷ

ಹೊಸಪೇಟೆಯ ಕಾಲುವೆ ದಂಡೆಯ ನಮ್ಮ ಮನೆಯಲ್ಲಿ ದೇವರ ಕೋಣೆ ಇರಲಿಲ್ಲ. ಇದನ್ನೊಂದು ಕೊರತೆ ಎಂದು ಎಣಿಸುವವರಿದ್ದಾರೆ. ಅವರೊಂದಿಗೆ ಎಷ್ಟು ಹೊತ್ತು ಬೇಕಾದರೂ ವಾದಿಸಲು ನಾನು ಸಿದ್ಧ. ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ಹಿಂದೆ ತಗಡು ಹೊದಿಸಿದ ಬಚ್ಚಲು. ಅದಿರಿನ ಲಾರಿಗಳು ಓಡಾಡುವ ರಸ್ತೆ ಹತ್ತಿರವೇ ಇದ್ದುದರಿಂದ ಹಗ್ಗದ ಮೇಲೆ ಒಣಹಾಕಿದ ಬಿಳಿ ಬಟ್ಟೆಗಳೆಲ್ಲ ಸಂಜೆಯ ಹೊತ್ತಿಗೆ ತುಸು ಕೆಂಪಾಗಿರುತ್ತಿದ್ದವು. ಮುಂದಿನ ಕೋಣೆಯ ಶೋಕೇಸಿನಲ್ಲಿ, ಸ್ಟೀಲ್ ಲೋಟಗಳ ಸಾಲಿಗೂ ನನ್ನ ಚರ್ಚಾಸ್ಪರ್ಧೆಯ ಕಪ್ಪುಗಳಿಗೂ ನಡುವೆ, ಗೇಣುದ್ದದ ಬುದ್ಧ ಕೂತಿದ್ದ. ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ತಂದು ಇಟ್ಟದ್ದು. ದಿನಾ ಬೆಳಿಗ್ಗೆ ಹುಲಿಗೆಮ್ಮ ಅವನ ಹಣೆಗೆ ಕುಂಕುಮ ಹಚ್ಚುತ್ತಿದ್ದಳು. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಬಂದ ಅಪ್ಪ ಟವೆಲಿನ ತುದಿಯಿಂದ ಅದನ್ನು ಒರೆಸುತ್ತಿದ್ದ.

"ದೇವರ ಮಾತು ಬಿಡ್ರಿ ಅಂದ ಮನುಷ್ಯಾನ ಹಣಿಗೇ ಕುಂಕುಮ ಹಚ್ತೀಯಲ್ಲ, ಏನ್ ಹೇಳಬೇಕು ಹುಲಿಗೆಮ್ಮ ನಿನಗ?"

"ಬರೀ ಹಣೀಲೆ ಕುಂದ್ರಿಸೀಯಲ್ಲ ತಮ್ಮಾ, ನನಗ ನೋಡಾಕ ಆಗವಲ್ದು. ದೇವರು ಅಂತ ಹಚ್ಚಂಗಿಲ್ಲ, ಮನಿ ಮನುಷ್ಯ ಅಂತ ಹಚ್ತೀನಿ."

ಅಪ್ಪ ಟವೆಲಿನ ಇನ್ನೊಂದು ತುದಿ ಹಿಡಿದು ಒರೆಸುವುದನ್ನು ಮುಂದುವರಿಸಿದ.

ಹುಲಿಗೆಮ್ಮ ನಮಗೆ ರಕ್ತಸಂಬಂಧಿಯಲ್ಲ. ನಾನು ಹುಟ್ಟಿದಾಗ ಕೂಸಿಗೆ ಎರೆಯಲು, ಬಾಣಂತನ ಮಾಡಲು ವಡ್ಡು ಎಂಬ ತನ್ನ ಹಳ್ಳಿಯಿಂದ ಬಂದವಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಅವ್ವ ಆಗಿನ್ನೂ ಟೀಚರ್ ಟ್ರೇನಿಂಗ್ ಮುಗಿಸಬೇಕಿತ್ತು, ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ಮೇಲೆ. ಹಾಗಾಗಿ ಬಾಣಂತನ ಮುಗಿದರೂ ಹುಲಿಗೆಮ್ಮ ಉಳಿದಳು. ಆಮೇಲೆ ಅವ್ವನಿಗೆ ಕಂಪ್ಲಿ ದಾರಿಯ ಹಳ್ಳಿಯೊಂದರ ಶಾಲೆಯಲ್ಲಿ ಕೆಲಸ ಸಿಕ್ಕಿತು, ಬೆಳಿಗ್ಗೆ ಬಸ್ಸಿಗೆ ಓಡಬೇಕಾಯಿತು. ಹುಲಿಗೆಮ್ಮ ಮತ್ತೆ ಉಳಿದಳು. ಚಾಚಿದ ಎರಡು ಕಾಲಿನ ಮೇಲೆ ನನ್ನನ್ನು ಬೋರಲು ಮಲಗಿಸಿ ಬಿಸಿನೀರು ಎರೆದವಳು, ಪುಂಡಿ ಪಲ್ಯ ತಿನ್ನಲು ಕಲಿಸಿದವಳು, ಜಡೆ ಹೆಣೆದವಳು, ಶಾಲೆಯ ಗೇಟಿನಲ್ಲಿ ನಾನು ಅತ್ತಾಗ ಗದರಿದವಳು, ಎಲ್ಲ ಅವಳೇ. ವಿಶಾಖಾ ಎಂಬ ನನ್ನ ಹೆಸರು ಅವಳ ಬಾಯಲ್ಲಿ ಕೊನೆಯವರೆಗೂ 'ಇಸಾಕಿ' ಆಗಿಯೇ ಉಳಿಯಿತು. ಅಪ್ಪನಿಗೆ ಏಕವಚನ, ಅವ್ವನಿಗೆ ಬಹುವಚನ. ಇದ್ಯಾವ ನ್ಯಾಯ ಎಂದು ಒಮ್ಮೆ ನಾನು ಆಕ್ಷೇಪ ಎತ್ತಿದ್ದೆ.

"ಟೀಚರಮ್ಮಾರು ಸಾಲಿ ಕಲಿಸ್ತಾರ. ನಿಮ್ಮಪ್ಪ ಏನ್ ಕಲಿಸ್ತಾನ? ಬಾಯಿ ಮಾಡೂದು ಕಲಿಸ್ತಾನ."

ಅವಳು ಬೈದದ್ದೋ ಹೊಗಳಿದ್ದೋ ಗೊತ್ತಿಲ್ಲ, ಹೇಳಿದ್ದು ಮಾತ್ರ ನಿಜ. ನನ್ನ ಬಾಯಿ ಅಪ್ಪನ ಕೊಡುಗೆ. ಕಾರ್ಮಿಕ ಸಂಘದ ಸಭೆಗಳಲ್ಲಿ ಮಾತಾಡಿ ಪಳಗಿದ ಮನುಷ್ಯ ಅವನು. ಮ್ಯಾನೇಜರ್ ಎದುರು ಕೂರುವ ಮುಂಚೆ ಮ್ಯಾನೇಜರನ ಭಾಷಣವನ್ನು ಅವನಿಗಿಂತ ಚೆನ್ನಾಗಿ ನಾವು ಮಾಡಬೇಕು ಅನ್ನುವುದು ಅವನ ತತ್ವ. ಆ ತತ್ವವನ್ನು ಅವನು ಊಟದ ತಾಟಿಗೆ ತಂದ. ಅವ್ವನ ಭಾನುವಾರಕ್ಕೂ ಅಪ್ಪನ ವೀಕ್ಲಿ ಆಫಿಗೂ ತಾಳೆ ಬಿದ್ದ ದಿನ, ಮಧ್ಯಾಹ್ನ ಎಲ್ಲರೂ ಚಾಪೆಯ ಮೇಲೆ ಕೂತು ಉಣ್ಣುವಾಗ ಒಂದು ವಿಷಯ ಇಡುತ್ತಿದ್ದ. ಟಿವಿ ಬೇಕೋ ಬೇಡವೋ. ಗಣಿ ಮುಚ್ಚಬೇಕೋ ತೆರೆಯಬೇಕೋ. ರೊಟ್ಟಿ ತಿನ್ನುವಾಗ ಯಾರು ಯಾವ ಪಕ್ಷ ಬೇಕಾದರೂ ಹಿಡಿಯಬಹುದು. ರೊಟ್ಟಿ ಮುಗಿದು ತಾಟಿಗೆ ಅನ್ನ ಬಿತ್ತೋ, ಪಕ್ಷ ಬದಲು. ಅಲ್ಲಿಯವರೆಗೆ ಯಾವುದನ್ನು ಹೀಗಳೆದೆವೋ ಅದನ್ನೇ ಎತ್ತಿ ಹಿಡಿದು, ಅದೂ ಮನಸ್ಸಿಟ್ಟು, ಮಾತಾಡಬೇಕು. ಬಾಯಿಮಾತಿಗೆ ಮಾಡಿದರೆ ಅಪ್ಪ ಸಾರಿನ ಸೌಟಿನಿಂದ ಪಾತ್ರೆ ಬಡಿಯುತ್ತಿದ್ದ.

"ಎದುರಿನವನ ಮಾತು ಮಾತಾಡಾಕ ಬರದವಗ ತನ್ನ ಮಾತು ಆಡೂ ಹಕ್ಕಿಲ್ಲ. ಹೂಂ, ಅನ್ನ ಬಂತು, ತಿರುಗು!"

ತೀರ್ಪು ಎಂಬುದು ಇರಲಿಲ್ಲ. ಕೈ ತೊಳೆದರೆ ಸಭೆ ಮುಗಿಯಿತು. ಅವ್ವ ಬಡಿಸುವ, ಒಗ್ಗರಣೆ ಸರಿಯಿಲ್ಲವೆನ್ನುವ ನೆಪದಲ್ಲಿ ತಪ್ಪಿಸಿಕೊಳ್ಳುತ್ತಿದ್ದಳು. ಸಿಕ್ಕಿಬಿದ್ದಾಗ ಮಾತ್ರ ಎರಡು ವಾಕ್ಯ. ಹುಲಿಗೆಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ರೊಟ್ಟಿ ಮುರಿಯುತ್ತ "ನಿಮ್ಮ ಕೋರ್ಟು ನೀವ ನಡಸ್ರಿ, ನಾನು ಸಾಕ್ಷಿನೂ ಅಲ್ಲ" ಅನ್ನುತ್ತಿದ್ದಳು. ಈ ಊರಿನ ಎಷ್ಟು ಮನೆಗಳಲ್ಲಿ ಹೆಣ್ಣುಮಗುವೊಂದು ಅಪ್ಪನ ಎದುರು ಬಾಯಿಬಿಟ್ಟು ಗೆದ್ದಿದೆಯೋ ನನಗೆ ಗೊತ್ತಿಲ್ಲ. ನಾನು ಗೆದ್ದಿದ್ದೇನೆ, ಬಾಯಲ್ಲಿ ಅನ್ನ ಇಟ್ಟುಕೊಂಡು. ಜಂಬ ಅನ್ನುವವರು ಅನ್ನಲಿ.

ಪದವಿಯ ಕೊನೆಯ ವರ್ಷ ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಹೊರದೇಶದ ಹಳೆಯ ದುರಂತ ನಾಟಕವೊಂದನ್ನು ಕನ್ನಡಕ್ಕೆ ತಂದು ನಮ್ಮಿಂದ ಆಡಿಸಲು ಹೊರಟರು. ನಾಯಕಿ ನಾನು. ಅದು ಪ್ರೇಮದ ನಾಟಕ ಎಂದು ಲೋಕವೆಲ್ಲ ಹೇಳುತ್ತದೆ. ನನ್ನ ಪ್ರಕಾರ ಅದು ಒಂದು ಮನೆಯ ನಾಟಕ. ಒಬ್ಬ ಹುಡುಗಿ, ಅವಳ ಅಪ್ಪ, ಅವ್ವ, ಮತ್ತು ಹಾಲು ಕುಡಿಸಿ ಬೆಳೆಸಿದ ದಾಯಿ. ಹುಡುಗಿ ಮನೆಯವರಿಗೆ ಹೇಳದೆ ಒಬ್ಬನನ್ನು ಮದುವೆಯಾಗಿದ್ದಾಳೆ. ಅದು ಗೊತ್ತಿರುವುದು, ಸಹಾಯ ಮಾಡಿದ್ದು, ದಾಯಿ. ಅಪ್ಪ ಬೇರೊಬ್ಬ ವರನನ್ನು ಗೊತ್ತುಮಾಡುತ್ತಾನೆ. ಹುಡುಗಿ ಒಲ್ಲೆನೆಂದಾಗ ಅಪ್ಪ ಬೀದಿಗೆ ತಳ್ಳುತ್ತೇನೆ ಅನ್ನುತ್ತಾನೆ, ಅವ್ವ ಮುಖ ತಿರುಗಿಸಿ ಹೊರಟುಬಿಡುತ್ತಾಳೆ, ಕೊನೆಗೆ ಉಳಿದ ದಾಯಿ 'ಇವನೇ ವಾಸಿ, ಇವನನ್ನೇ ಮಾಡಿಕೋ' ಅನ್ನುತ್ತಾಳೆ. ಆಮೇಲಿನ ಸಾವುಗಳಿಗೆ ನಾನು ವಿಧಿಯನ್ನು ದೂರುವುದಿಲ್ಲ. ಈ ಒಂದು ದೃಶ್ಯ ಸಾಕು.

ತಾಲೀಮು ಮನೆಯಲ್ಲೂ ನಡೆಯಿತು. ಅಪ್ಪ ಅಪ್ಪನ ಪಾತ್ರ ಓದಿದ. "ನನ್ನ ಮನೆಯ ಹೊಸ್ತಿಲು ತುಳಿಯಬೇಡ" ಎಂದು ಅವನು ಗುಡುಗಿದ ರಭಸಕ್ಕೆ ಪಕ್ಕದ ಮನೆಯವರು ಏನಾಯಿತೆಂದು ಓಡಿ ಬಂದರು. ಅವ್ವ ತನ್ನ ಮಾತುಗಳನ್ನು ಹಾಜರಿ ಕರೆದ ಹಾಗೆ ಓದಿ ಮುಗಿಸಿದಳು. ದಾಯಿಯ ಮಾತನ್ನು ಮಾತ್ರ ನಾನೇ ಓದಿಕೊಂಡೆ. ಹುಲಿಗೆಮ್ಮನಿಗೆ ಓದು ಬರುತ್ತಿರಲಿಲ್ಲ, ಹೇಳಿಕೊಡುತ್ತೇನೆ ಅಂದರೆ ಅವಳು ಒಪ್ಪಲಿಲ್ಲ. ಆಗೆಲ್ಲ ನಗುವೇ ನಗು. ನಾಟಕ ನಮ್ಮ ಮನೆಯ ಹೊರಗಿನದು ಎಂದೇ ಎಲ್ಲರೂ ತಿಳಿದಿದ್ದೆವು.

ಆ ತಿಂಗಳೇ ಅವ್ವನ ತವರಾದ ಕಂಪ್ಲಿಯಿಂದ ಮಾತು ಬಂತು. ಅವ್ವನ ತಮ್ಮ ರಮೇಶ ಮಾವನಿಗೆ ನನ್ನನ್ನು ಕೊಡುವುದು. ನಮ್ಮ ಕಡೆ ಇದು ಸುದ್ದಿಯೇ ಅಲ್ಲ. ಅಕ್ಕನ ಮಗಳ ಮೇಲೆ ಸೋದರಮಾವನ ಹಕ್ಕು ಎಂದು ತೊಟ್ಟಿಲಲ್ಲೇ ಹಾಡುತ್ತಾರೆ. ಮಾವ ಕೆಟ್ಟವನಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಅಕ್ಕಿ ಗಿರಣಿಯ ಕೆಲಸ, ಕುಡಿತವಿಲ್ಲ, ಜಗಳವಿಲ್ಲ, ಬಂದಾಗಲೆಲ್ಲ ನನಗೆ ಪೆನ್ನು, ಹುಲಿಗೆಮ್ಮನಿಗೆ ಎಲೆಅಡಿಕೆ. 'ಮದುವಿ ಆಗಿ ಓದಲಿ, ನಾನೇನು ಬ್ಯಾಡ ಅನ್ನಂಗಿಲ್ಲ' ಎಂದಿದ್ದನಂತೆ. ನಾನು ಬಳ್ಳಾರಿಗೆ ಹೋಗಿ ಕಾನೂನು ಓದಬೇಕೆಂದಿದ್ದೆ. ಅದು ಒಂದು ಕಾರಣ ಅಷ್ಟೆ. ಮುಖ್ಯ ಕಾರಣ, ಅವನು ನನ್ನ ಮಾವ. ನಾನು ರಕ್ತಸಂಬಂಧದ ಮದುವೆಯ ಅಪಾಯಗಳನ್ನು ಪಾಠ ಒಪ್ಪಿಸಿದ ಹಾಗೆ ಅವ್ವನ ಮುಂದೆ ಹೇಳಿದೆ. ಅವ್ವ ಎದ್ದು ಹೋಗಿ ಒಣಗಿದ ಬಟ್ಟೆ ಮಡಚತೊಡಗಿದಳು. ಎದುರಾಳಿ ಮಾತು ನಿಲ್ಲಿಸಿದರೆ ಸ್ಪರ್ಧೆಯಲ್ಲಿ ಗೆದ್ದ ಹಾಗೆ. ಮನೆಯಲ್ಲಿ ಹಾಗಲ್ಲ. ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಕಂಪ್ಲಿಯವರೆಲ್ಲ ಬಂದು ನನಗೆ ಉಡಿ ತುಂಬುವುದೆಂದು ಗೊತ್ತಾಯಿತು. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಎಲೆಅಡಿಕೆ, ಕುಪ್ಪಸದ ಬಟ್ಟೆ ಬಿದ್ದರೆ ಮಾತು ಗಟ್ಟಿಯಾದಂತೆ. ಬುದ್ಧನ ಹಣೆಯ ಕುಂಕುಮ ಒರೆಸುವ ಅಪ್ಪ ಇದಕ್ಕೆ ಹೂಂ ಅಂದಿದ್ದ.

ನನ್ನನ್ನು ಒಪ್ಪಿಸುವ ಕೆಲಸವನ್ನು ಅವ್ವ ಹುಲಿಗೆಮ್ಮನಿಗೆ ವಹಿಸಿದಳು. ನಾನು ಇದನ್ನು ಊಹಿಸಲಿಲ್ಲ. ಹುಲಿಗೆಮ್ಮನೇ, ಹಿತ್ತಲಲ್ಲಿ ನನ್ನ ತಲೆಗೆ ಎಣ್ಣೆ ಹಚ್ಚುತ್ತ, ನೇರವಾಗಿ ಹೇಳಿಬಿಟ್ಟಳು.

"ನಿನಗ ತಿಳಿಸಿ ಹೇಳು ಅಂದಾರ ಟೀಚರಮ್ಮಾರು. ಹೇಳ್ತೀನಿ, ಕೇಳು. ನಿಮ್ಮ ಮಾವ ಒಳ್ಳೇವ ಅದಾನ. ಆತು, ಹೇಳಿದೆ."

"ಅಷ್ಟೇ ಏನು?"

"ಮತ್ತೇನ್ ಹೇಳಲಿ? ಅವ ಒಳ್ಳೇವ ಹೌದಲ್ಲೋ?"

ನನಗೆ ಸಿಟ್ಟು ಬಂತು. ನಾಟಕದ ದಾಯಿಯ ಕಥೆಯನ್ನೆಲ್ಲ ಹೇಳಿದೆ. ಹುಡುಗಿಗೆ ಯಾರೂ ಇಲ್ಲದ ಹೊತ್ತಿನಲ್ಲಿ ಅವಳು ಹೇಗೆ ಕೈಬಿಟ್ಟಳು, ಹೇಗೆ ಒಂದೇ ಮಾತಿನಲ್ಲಿ ತಿರುಗಿಬಿದ್ದಳು ಎಂದು ಒತ್ತಿ ಒತ್ತಿ ಹೇಳಿದೆ. ನೀನೂ ಅವಳೇ ಎಂದು ಮಾತ್ರ ಹೇಳಲಿಲ್ಲ, ಹೇಳುವ ಅಗತ್ಯವಿರಲಿಲ್ಲ. ಹುಲಿಗೆಮ್ಮನ ಕೈ ನನ್ನ ನೆತ್ತಿಯ ಮೇಲೆ ನಿಂತಿತು.

"ಪಾಪ, ಆಕಿ ಎಲ್ಲಿಗೆ ಹೋಗಬೇಕು ಇಸಾಕಿ?"

"ಯಾರು, ಹುಡುಗಿನಾ?"

"ಹುಡುಗಿ ಅಲ್ಲ. ಆ ಮುದುಕಿ. ಹುಡುಗಿಗೆ ಅಪ್ಪ ಅದಾನ, ಅವ್ವ ಅದಾಳ, ಇವತ್ತು ಬೈತಾರ, ನಾಳೆ ಕರೀತಾರ. ಆ ಮುದುಕಿ ಬಾಯಿ ತಗದ್ರ ಆಕಿನ ಯಾರು ಕರೀತಾರ? ಅವರ ಅನ್ನ ಉಂಡು ಅವರಿಗೆ ಎದುರು ಹೆಂಗ ಮಾತಾಡ್ತಾಳ? ಆಕಿಗೆ ಬೈಬ್ಯಾಡ ನೀನು."

ನಾನು ಒಪ್ಪಲಿಲ್ಲ. ಭಯ ಕಾರಣವಾಗಬಹುದು, ಸಮರ್ಥನೆಯಾಗುವುದಿಲ್ಲ ಎಂದೆ. ಅವಳು ಜಡೆಯನ್ನು ಬಿಗಿಯಾಗಿ ಎಳೆದಳು. "ಬಾಯಿ ಭಾಳ ಆತು. ಕತ್ತು ನೆಟ್ಟಗ ಮಾಡು." ಇಂದಿಗೂ ಆ ವಾದದಲ್ಲಿ ನನ್ನ ಮಾತೇ ಸರಿ ಅಂದುಕೊಂಡಿದ್ದೇನೆ. ಆದರೆ ವೇದಿಕೆಯ ಮೇಲೆ ಆ ದಾಯಿಯನ್ನು ತಿರಸ್ಕಾರದಿಂದ ನೋಡಬೇಕೆಂದು ಮೇಷ್ಟ್ರು ಹೇಳಿದಾಗ ನನ್ನಿಂದ ಅದು ಆಗಲಿಲ್ಲ.

ಉಡಿ ತುಂಬಲು ವಾರವಿದೆ ಅನ್ನುವಾಗ ಅಪ್ಪನ ರಜೆ ಭಾನುವಾರಕ್ಕೆ ಬಿತ್ತು. ಚಾಪೆ ಹಾಸಿದ್ದಾಯಿತು. ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಬಿಸಿ ಜೋಳದ ರೊಟ್ಟಿ. ಅಪ್ಪ ಆ ದಿನ ವಿಷಯ ಇಡಲಿಲ್ಲ, ತಲೆ ತಗ್ಗಿಸಿ ಉಣ್ಣುತ್ತಿದ್ದ. ವಿಷಯ ನಾನು ಇಟ್ಟೆ.

"ವಿಶಾಖಾನ್ನ ರಮೇಶ ಮಾವಗ ಕೊಡಬೇಕೋ, ಬ್ಯಾಡೋ."

"ಇದು ಆಟ ಅಲ್ಲ ಮಗಳ," ಅಂದಳು ಅವ್ವ.

"ಇಷ್ಟು ವರ್ಷ ಆಟ ಅಂತ ಯಾರು ಅಂದಿದ್ರು? ಅಪ್ಪಾ, ಆಟ ಏನಿದು?"

ಅಪ್ಪ ಪಲ್ಯದ ಕಡೆ ನೋಡಿದ. ತನ್ನ ಕಾನೂನಿಗೆ ತಾನೇ ಸಿಕ್ಕಿಬಿದ್ದ ಮನುಷ್ಯನ ಮುಖವನ್ನು ನಾನು ಮೊದಲು ನೋಡಿದ್ದು ಅಂದು. "ಮಾತಾಡ್ರಿ," ಅಂದ, ಮೆಲ್ಲಗೆ.

ಅವ್ವ ಎಂದೂ ಇಲ್ಲದಂತೆ ಮಾತಾಡಿದಳು. ಟ್ರೇನಿಂಗ್ ಪರೀಕ್ಷೆಯ ದಿನ ತವರಿನಿಂದ ಹೊರಟಾಗ ಬಸ್ಸು ತಪ್ಪಿತ್ತು. ತಮ್ಮ ಇನ್ನೂ ಹೈಸ್ಕೂಲು ಹುಡುಗ. ಅಕ್ಕನನ್ನು ಹಿಂದೆ ಕೂರಿಸಿಕೊಂಡು ಕಂಪ್ಲಿಯಿಂದ ಹೊಸಪೇಟೆಯವರೆಗೆ ಸೈಕಲ್ ತುಳಿದಿದ್ದ. ಪರೀಕ್ಷೆ ಮುಗಿಯುವವರೆಗೆ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ. "ಆ ದಿನ ಅವ ತುಳೀದಿದ್ರ ನಾನು ಇವತ್ತು ಟೀಚರ್ ಅಲ್ಲ. ಅಂಥವನ ಕೈಗೆ ಮಗಳನ್ನ ಕೊಟ್ರ ನನಗ ನಿದ್ದಿ ಬರ್ತದ. ಪರರ ಮನಿ ಹೆಂಗೋ ಏನೋ." ಅಪ್ಪನೂ ಅದೇ ಪಕ್ಷ ಹಿಡಿದ. ಉಡಿ ತುಂಬುವುದು ಮೂಢನಂಬಿಕೆಯಲ್ಲ, ಪ್ರೀತಿಯ ಒಂದು ರೂಪ ಎಂದ. ನಾನು ನನ್ನ ಪಕ್ಷ ಹೇಳಿದೆ, ಹಿಂದೆ ಹೇಳಿದ್ದೇ. ಹುಲಿಗೆಮ್ಮ ಹೊಸ್ತಿಲಲ್ಲಿ ಕೂತಿದ್ದಳು, ಅವಳ ತಾಟಿನ ರೊಟ್ಟಿ ಮುರಿದಿರಲಿಲ್ಲ.

ರೊಟ್ಟಿ ಮುಗಿಯಿತು. ಅವ್ವ ತಾಟನ್ನು ಹಿಂದೆ ಸರಿಸಿದಳು.

"ನನಗ ಅನ್ನ ಬ್ಯಾಡ ಇವತ್ತು. ಹೊಟ್ಟಿ ತುಂಬೈತಿ."

"ನನಗೂ ಸಾಕು," ಎಂದು ಅಪ್ಪ ಕೈ ಝಾಡಿಸಿದ.

ಅನ್ನ ಉಣ್ಣದಿದ್ದರೆ ಪಕ್ಷ ಬದಲಿಸುವ ಹಾಗಿಲ್ಲ. ಇಬ್ಬರೂ ಓಡಿಹೋಗುತ್ತಿದ್ದರು, ಕೂತ ಜಾಗದಿಂದಲೇ. ಇಷ್ಟು ವರ್ಷ ಚರ್ಚೆ ಮಾಡಿದವಳು ನಾನು, ನಿಯಮದಲ್ಲಿ ಈ ತೂತು ಇದೆಯೆಂದು ನನಗೆ ಹೊಳೆದಿರಲಿಲ್ಲ. ಆಗ ಹೊಸ್ತಿಲಿನಿಂದ ಹುಲಿಗೆಮ್ಮ ಎದ್ದಳು. ಒಳಗೆ ಹೋಗಿ ಅನ್ನದ ಪಾತ್ರೆ ತಂದು ಅವ್ವನ ಮುಂದೆ ನಿಂತಳು.

"ಟೀಚರಮ್ಮಾರ, ತಾಟು ಹಿಡೀರಿ."

"ಬ್ಯಾಡ ಅಂದೆನಲ್ಲ."

"ಬ್ಯಾಡ ಅಂದ್ರ ನಡಿಯಂಗಿಲ್ಲ. ಈ ಕೂಸಿಗೆ ಹಲ್ಲು ಬಂದಾಗಿನಿಂದ ಅನ್ನ ಬಿಟ್ಟು ಏಳಬಾರದು ಅಂತ ಕಲಿಸಿದೋರು ನೀವು. ಈಗ ನೀವ ಏಳ್ತೀರೇನು?"

"ಹುಲಿಗೆಮ್ಮ, ನಿನಗ ಇದ್ರಾಗ..." ಎಂದು ಅಪ್ಪ ಶುರುಮಾಡಿದ.

"ನೀ ಸುಮ್ಮಕಿರು ತಮ್ಮಾ, ನಿನ್ನ ತಾಟಿಗೂ ಬರ್ತೀನಿ." ಸೌಟನ್ನು ಅನ್ನದೊಳಗೆ ಇಳಿಸಿದಳು. "ನಾಳೆ ನನ್ನ ವಡ್ಡುಗೆ ಕಳಸೋದಾದ್ರ ಕಳಸ್ರಿ. ಇವತ್ತು ಉಣ್ರಿ."

ಅವ್ವನ ತಾಟಿಗೆ ಅನ್ನ ಬಿತ್ತು. ಅಪ್ಪನ ತಾಟಿಗೂ. ಕೊನೆಗೆ ನನ್ನದಕ್ಕೆ. ಬಡಿಸಿ ಮುಗಿಸಿ ಹುಲಿಗೆಮ್ಮ ಹೊಸ್ತಿಲಿಗೆ ಹೋಗಲಿಲ್ಲ, ನನ್ನ ಪಕ್ಕ ಚಾಪೆಯ ಮೇಲೆ ಕೂತಳು.

ಅವ್ವ ಅನ್ನವನ್ನು ಬೆರಳಿನಿಂದ ಆಡಿಸಿದಳು. ಆಮೇಲೆ ಶುರುಮಾಡಿದಳು, ಮೊದಲು ನಿಯಮಕ್ಕಾಗಿ, ಗೋಡೆಗೆ ಹೇಳಿದ ಹಾಗೆ.

"ಹುಡುಗಿ ಒಲ್ಲೆ ಅಂತಾಳ. ಅವನ ಮ್ಯಾಲೆ ಸಿಟ್ಟಿಲ್ಲ ಆಕಿಗೆ. ಸಣ್ಣಾಕಿ ಇದ್ದಾಗ ಅವನ ಹೆಗಲ ಮ್ಯಾಲೆ ಕೂತು ಕಾಲುವಿ ನೋಡಿದಾಕಿ. ಅಲ್ಲಿಂದ ಇಳಿಸಿ ಪಕ್ಕದಾಗ ಕುಂದ್ರು ಅಂದ್ರ ಹೆಂಗ ಕುಂದ್ರಬೇಕು?" ದನಿ ಬದಲಾಯಿತು. "ಮತ್ತ ಸೈಕಲ್ ಮ್ಯಾಲೆ ಕೂತಾಕಿ ನಾನು. ಇಕಿ ಅಲ್ಲ. ನನ್ನ ತಮ್ಮ ನನಗ ಮಾಡಿದ್ದು ನಾನ ತೀರಿಸಬೇಕು. ಮಗಳನ್ನ ಕೊಟ್ಟು ತೀರಿಸಿದ್ರ ಅದು ತೀರಿಸಿದಂಗ ಅಲ್ಲ. ನಾನು ಪರೀಕ್ಷಿ ಬರಿಯಾಕ ಹೋಗಿದ್ದು ಯಾಕ? ನನ್ನ ಮಗಳೂ ಬರೀಲಿ ಅಂತ ಅಲ್ಲೇನು?"

ಯಾರೂ ಪಾತ್ರೆ ಬಡಿಯಲಿಲ್ಲ. ಅಪ್ಪನ ಸರದಿ ಬಂದಾಗ "ಟೀಚರಮ್ಮ ಹೇಳಿದ ಮ್ಯಾಲೆ ನನಗೇನು ಉಳೀತು" ಅಂದ. ನನ್ನ ಸರದಿಯಲ್ಲಿ ನಾನು ಮಾವನ ಪರ ಮಾತಾಡಬೇಕಿತ್ತು, ಮಾತಾಡಿದೆ. ಬೇವಿನ ಮರದ ಕೆಳಗೆ ಕೂತ ಹುಡುಗನ ಬಗ್ಗೆ ಮಾತಾಡಿದೆ. ಅಂಥ ಮನುಷ್ಯ ನೂರರಲ್ಲೊಬ್ಬ, ನನಗೆ ಸಿಗುವ ಬೇರೆ ಯಾರೂ ಅವನ ಅರ್ಧದಷ್ಟೂ ಇರಲಿಕ್ಕಿಲ್ಲ ಅಂದೆ. ಅಷ್ಟು ಪ್ರಾಮಾಣಿಕವಾಗಿ ನಾನು ಎದುರು ಪಕ್ಷವನ್ನು ಎಂದೂ ವಾದಿಸಿಲ್ಲ. ಅವ್ವ ಅತ್ತಳು, ತಮ್ಮನನ್ನು ನಾನು ಹೊಗಳಿದ್ದಕ್ಕೆ. ಕಣ್ಣೊರೆಸಿಕೊಂಡು, ನಮ್ಮ ಮನೆಯ ಇತಿಹಾಸದಲ್ಲೇ ಮೊದಲ ಬಾರಿಗೆ, ತೀರ್ಪು ಕೊಟ್ಟಳು.

"ಅವರು ಇಲ್ಲಿಗೆ ಬರೂದು ಬ್ಯಾಡ. ಶನಿವಾರ ಸಾಲಿ ಬಿಟ್ಟ ಮ್ಯಾಲೆ ನಾನ ಹೋಗಿ ಹೇಳ್ತೀನಿ. ನೀನೂ ಬಾ."

ಆ ಹಳೆಯ ನಾಟಕದ ಮನೆಯಲ್ಲಿ ಪ್ರೀತಿ ಕಡಿಮೆಯಿತ್ತು ಎಂದು ನಾನು ಹೇಳುವುದಿಲ್ಲ. ಅಲ್ಲಿ ಅಪ್ಪನಿಗೆ ಮಗಳ ಮಾತನ್ನು ಆಡಿ ನೋಡಬೇಕಾದ ಕಟ್ಟುಪಾಡು ಇರಲಿಲ್ಲ. ಕಟ್ಟುಪಾಡಿದ್ದರೂ ಸಾಲದು, ಅದನ್ನು ತಪ್ಪಿಸಿಕೊಳ್ಳುವವರ ತಾಟಿಗೆ ಬಡಿಸಲು ಒಬ್ಬಳು ಬೇಕು. ನಮ್ಮಲ್ಲಿ ಇದ್ದಳು. ಅವಳನ್ನು ಯಾರೂ ವಡ್ಡುಗೆ ಕಳಿಸಲಿಲ್ಲ. ಆ ಮಾತನ್ನು ಎತ್ತುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಶನಿವಾರ ಕಂಪ್ಲಿಯಲ್ಲಿ ಮಾವ ಬಾಗಿಲಲ್ಲೇ ಇದ್ದ. ಗಿರಣಿಯಿಂದ ಆಗಷ್ಟೇ ಬಂದಿದ್ದ, ಹುಬ್ಬಿನ ಮೇಲೆಲ್ಲ ತೌಡು.

"ಬಾ ಅಕ್ಕ, ಕುಂದ್ರು."

"ಹೇಳಿ ಕುಂದ್ರತೀನಿ," ಅಂದಳು ಅವ್ವ. ನಿಂತೇ ಹೇಳಿದಳು, ಸುತ್ತಿ ಬಳಸದೆ. ನನ್ನ ಮೇಲೆ ಹಾಕಲಿಲ್ಲ, ಅಪ್ಪನ ಮೇಲೆ ಹಾಕಲಿಲ್ಲ. "ನಾನ ಬ್ಯಾಡ ಅಂತೀನಿ ರಮೇಶ," ಅಂದಳು.

ಮಾವ ನನ್ನ ಕಡೆ ತಿರುಗಿದ. "ನಾನು ಬ್ಯಾಡೇನು ನಿನಗ, ಮದುವಿ ಬ್ಯಾಡೇನು?"

ಒಳ್ಳೆಯ ಪ್ರಶ್ನೆ. ನಾನು ನಿಜ ಹೇಳಿದೆ. "ಮದುವಿ ಈಗ ಬ್ಯಾಡ. ನೀನು ಬೇಕು ಮಾವ, ಮಾವ ಆಗೇ ಬೇಕು."

ಅವನು ಹುಬ್ಬಿನ ತೌಡು ಒರೆಸಿಕೊಂಡ. ನೋವಾಗಿತ್ತು, ಮುಚ್ಚಿಡಲಿಲ್ಲ. "ಆತು ಬಿಡು. ಚಾ ಕುಡೀರಿ," ಎಂದು ಒಳಗೆ ಹೋದ. ಚಹಾ ಬಹಳ ಸಿಹಿಯಾಗಿತ್ತು. ಹೊರಡುವಾಗ ಅವನೇ ಬಸ್‌ಸ್ಟ್ಯಾಂಡಿಗೆ ಬಂದು ನಮ್ಮಿಬ್ಬರಿಗೂ ಸೀಟು ಹಿಡಿದು ಕೊಟ್ಟ.

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ನನ್ನನ್ನು ಕೂರಿಸಿದಳು. ಊರು ದಾಟಿ ಗದ್ದೆಗಳು ಶುರುವಾಗುವವರೆಗೆ ಬ್ಯಾಗನ್ನು ಎದೆಗೆ ಅವುಚಿಕೊಂಡು ಕೂತಿದ್ದಳು. ಆ ಕಡೆ ಕೂತಿದ್ದ ಹೆಂಗಸು, ಮಡಿಲಲ್ಲಿ ಕರಿಬೇವಿನ ಕಟ್ಟು, ಮಾತಿಗೆ ಇಳಿದಳು. ಯಾವ ಊರು, ಏನು ಕೆಲಸ, ಈಕೆ ಮಗಳೇನು, ಲಗ್ನ ಆಗೈತೇನು. ಕೊನೆಯ ಪ್ರಶ್ನೆಗೆ ನನ್ನ ಬೆನ್ನು ಸೆಟೆಯಿತು.

"ಇಲ್ರಿ," ಅಂದಳು ಅವ್ವ. ಆಮೇಲೆ, ಮುಂದಿನ ಮೂರು ಸೀಟಿಗೆ ಕೇಳುವಂತೆ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ: "ನನ್ನ ಮಗಳು ಬಳ್ಳಾರಿಯಾಗ ವಕೀಲಿ ಓದಾಕತ್ಯಾಳ."

ನಾನಿನ್ನೂ ಅರ್ಜಿಯನ್ನೇ ಹಾಕಿರಲಿಲ್ಲ. ಪದವಿಯ ಪರೀಕ್ಷೆಯೇ ಬಾಕಿ ಇತ್ತು. ಅಪ್ಪನಿಂದ ಹಿಡಿದು ಮೇಷ್ಟ್ರ ತನಕ ಯಾರು ತಪ್ಪು ಹೇಳಿದರೂ ನಡುವೆಯೇ ತಡೆದು ಸರಿಪಡಿಸುವವಳು ನಾನು. ಕರಿಬೇವಿನ ಹೆಂಗಸು ಹೌದೇನವ್ವಾ ಎಂದು ನನ್ನನ್ನೇ ನೋಡಿದಳು.

"ಹೌದ್ರಿ," ಅಂದೆ.